ಒಂದೇ ತವರಿನ ಎರಡು ಹೂವು

ಆಷಾಢ ಹುಟ್ಟಿದ ವಾರ ನಮ್ಮ ಹೂವಿನ ತಾಕಿನಲ್ಲಿ ಒಂದು ಸುಗಂಧರಾಜದ ಬುಡ ಕಿತ್ತು ನೋಡಿದೆ. ಬೇರಿನ ತುಂಬ ಗಂಟು. ಕೆಲವು ಸಾಸಿವೆಯಷ್ಟು, ಕೆಲವು ಹುರುಳಿ ಕಾಳಿನಷ್ಟು. ನೋಡಿ ನನಗೆ ಸಂತೋಷವೇ ಆಯಿತು. ರೈತರ ಮನೆಯಲ್ಲಿ ಹುಟ್ಟಿ ರೈತರ ಮನೆ ಸೇರಿದವಳು ನಾನು. ಅಲಸಂದೆ, ಅವರೆ, ಹುರುಳಿ ಕೀಳುವಾಗ ಬೇರಿನಲ್ಲಿ ಗಂಟಿದ್ದರೆ ‘ಭೂಮಿಗೆ ಬಲ ಬಂತು’ ಎಂದು ಅಪ್ಪ ಹೇಳುತ್ತಿದ್ದುದು ಕಿವಿಯಲ್ಲಿದೆ. ಬುಡವನ್ನು ಹಾಗೇ ಹಿಡಿದುಕೊಂಡು ಹೋಗಿ ಅತ್ತೆಗೆ ತೋರಿಸಿದೆ.

“ಗಂಟು ಕಟ್ಟೈತೆ ಕಣವ್ವ, ಇನ್ನೇನು! ಗೊಬ್ರ ಕೊಡು, ಎದ್ಕೊಂಡ್ ಬತ್ತದೆ” ಅಂದರು.

ಗಿಡ ಏಳಬೇಕಾದ ಅವಸರ ನಮಗೆ ಇತ್ತು. ಎಲೆ ಹಳದಿ ತಿರುಗಿ, ಹೂವಿನ ದಂಟು ಮೊಳದುದ್ದ ಬರುವ ಜಾಗದಲ್ಲಿ ಗೇಣುದ್ದ ಬರುತ್ತಿತ್ತು. ಬೇರೆ ವರ್ಷವಾಗಿದ್ದರೆ ‘ಹೋಗಲಿ’ ಅನ್ನಬಹುದಿತ್ತು. ಆ ವರ್ಷ ಅನ್ನುವ ಹಾಗಿರಲಿಲ್ಲ, ಏಕೆಂದರೆ ನಾನು ಹರಕೆ ಹೊತ್ತಿದ್ದೆ.

ಮಾಘದಲ್ಲಿ ನಮ್ಮೆಜಮಾನರು ತೆಂಗಿನ ತೋಟದಲ್ಲಿ ಯಂತ್ರ ಹಿಡಿದು ಹುಲ್ಲು ಕೊಯ್ಯುವಾಗ ಕಲ್ಲಿನ ಚೂರೊಂದು ಸಿಡಿದು ಬಲಗಣ್ಣಿಗೆ ಬಿತ್ತು. ಹಾಸನದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. “ಪಟ್ಟಿ ಬಿಚ್ಚುವವರೆಗೂ ಏನೂ ಹೇಳಕ್ಕಾಗಲ್ಲ” ಅಂದರು ಡಾಕ್ಟರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಮ್ಮೂರ ಅಮ್ಮನನ್ನು ನೆನೆದೆ. ಕಣ್ಣು ಉಳಿಸಿದರೆ ಯುಗಾದಿಯಿಂದ ಯುಗಾದಿಯವರೆಗೆ ದಿನಾ ಒಂದು ಮಾಲೆ ನಿನಗೆ, ನನ್ನ ಕೈಯಾರೆ ಬೆಳೆದ ಹೂವಿನದು, ಕೊಂಡ ಹೂವಲ್ಲ ಅಂದೆ. ಪಟ್ಟಿ ಬಿಚ್ಚಿದಾಗ ಅವರು ಮೊದಲು ನೋಡಿದ್ದು ನನ್ನ ಮುಖ. “ಏನೇ, ಇಷ್ಟು ಇಳಿದೋಗಿದ್ದೀಯ” ಅಂದರು. ಅಮ್ಮ ತನ್ನ ಮಾತು ನಡೆಸಿದ್ದಳು. ಇನ್ನು ನನ್ನದು ನಡೆಯಬೇಕಿತ್ತು.

ನಮ್ಮೂರು ಇರುವುದು ಬಾಗೂರಿನ ಆಚೆ. ಮನೆ ಹಿಂದೆ ಮೊದಲು ಟೊಮ್ಯಾಟೊ, ಬದನೆ ಹಾಕುತ್ತಿದ್ದ ಒಂದು ತಾಕು ಇದೆ. ಹೊಳೆನರಸೀಪುರದ ನಮ್ಮಕ್ಕ ಕೊಟ್ಟ ಗೆಡ್ಡೆ ತಂದು ಹರಕೆಗೆ ಮುಂಚಿನ ವರ್ಷವೇ ಅಲ್ಲಿ ಸುಗಂಧರಾಜ ಹಾಕಿದ್ದೆ. ಒಂಟಿ ಎಸಳಿನ ಜಾತಿ, ಮಾಲೆಗೆ ಅದೇ ಸರಿ. ಅದರ ಆರೈಕೆ ಕಷ್ಟವಲ್ಲ, ಆದರೆ ಅದಕ್ಕೆ ಠೀವಿ ಜಾಸ್ತಿ. ಬಿಸಿಲು ಪೂರ್ತಿ ಬೇಕು. ನೀರು ಬೇಕು, ಆದರೆ ಬುಡದಲ್ಲಿ ನಿಲ್ಲಬಾರದು. ಹೂ ಮುಗಿದ ದಂಟನ್ನು ಬುಡಕ್ಕೇ ಕತ್ತರಿಸಬೇಕು. ಬಿಸಿಲೇರುವ ಮುಂಚೆ ಮೊಗ್ಗಿನಲ್ಲೇ ಬಿಡಿಸಿದರೆ ಸಂಜೆ ದೀಪದ ಹೊತ್ತಿಗೆ ಗುಡಿಯೊಳಗೆ ಅರಳಿ ಗಮಗಮ ಅನ್ನುತ್ತದೆ. ಹೀಗೆ ಒಂದು ಸಲ ನೆಟ್ಟರೆ ಎರಡು ಮೂರು ವರ್ಷ ನಂಬಿ ಕೂರಬಹುದು ಅನ್ನುತ್ತಿದ್ದಳು ಅಕ್ಕ.

ಆ ನಂಬಿಕೆಯ ಮೇಲೆ ಕೊಟ್ಟಿಗೆ ಗೊಬ್ಬರ ಹಾಕಿದೆ. ಏಳಲಿಲ್ಲ. ಬೇವಿನ ಹಿಂಡಿ ಹಾಕಿದೆ. ಸ್ವಲ್ಪ ಹಸಿರಾದ ಹಾಗೆ ಕಂಡು ಮತ್ತೆ ಸೊರಗಿತು. ಮಧ್ಯಾಹ್ನದ ಬಿಸಿಲಿಗೆ ನೀರಿದ್ದರೂ ಎಲೆ ಜೋಲು ಬೀಳುತ್ತಿತ್ತು. ಅಮ್ಮನ ಎದೆ ತುಂಬುತ್ತಿದ್ದ ಮಾಲೆ ಕೊರಳಿಗೆ ಬಂತು, ಆಮೇಲೆ ಕೊರಳಿಗೂ ಸಾಲದಾಯಿತು.

“ಏನವ್ವ, ಅಮ್ಮನ್ನೂ ಡಯೆಟ್ಟಿಗೆ ಹಾಕ್ಬುಟ್ಟಾ?” ಅಂದರು ಪೂಜಾರಪ್ಪ. ಬೇಜಾರಿಗಲ್ಲ, ಅವರು ಮಾತಾಡುವುದೇ ಹಾಗೆ. ನನಗೆ ಮಾತ್ರ ಚುರುಕ್ಕೆಂದಿತು.

ನಮ್ಮೆಜಮಾನರು ಸುಲಭದ ದಾರಿ ಹೇಳಿದರು. “ಚನ್ನರಾಯಪಟ್ಟಣ ಬಸ್‌ಸ್ಟ್ಯಾಂಡಲ್ಲಿ ಎರಡು ಮಾರು ತಂದು ಸೇರ್ಸು. ಅಮ್ಮ ಏನು ಬಿಲ್ ಕೇಳ್ತಾಳಾ?”

“ನಿಮ್ ಕಣ್ಣನ್ನ ಅಮ್ಮ ಬಸ್‌ಸ್ಟ್ಯಾಂಡಿಂದ ತಂದು ಕೊಟ್ಟಿದ್ಲಾ?” ಅಂದೆ. ಆಮೇಲೆ ಅವರು ಆ ಮಾತು ಎತ್ತಲಿಲ್ಲ.

ಗೆಡ್ಡೆಯೇ ಕೆಟ್ಟದ್ದಿರಬೇಕು ಅಂತ ಅಕ್ಕನಿಗೆ ಫೋನು ಮಾಡಿದೆ. ಮಾಡಬಾರದಿತ್ತು. “ನನ್ ಗೆಡ್ಡೆ ಮೇಲೆ ಹೇಳ್ತೀಯಾ? ನಮ್ಮಲ್ಲಿ ಅದೇ ಗೆಡ್ಡೆ ಆಳೆತ್ತರ ದಂಟು ಬಿಟ್ಟೈತೆ, ಬಂದು ನೋಡು! ನೀನು ಅಡುಗೆಗೆ ಉಪ್ಪು ಹಾಕಿದಂಗೆ ಗೊಬ್ರ ಹಾಕ್ತೀಯ ಕಣೆ, ಅದಕ್ಕೇ ಹಿಂಗೆ” ಅಂತ ಇಟ್ಟೇಬಿಟ್ಟಳು.

ಕೊನೆಗೆ ಒಂದು ಬುಡವನ್ನು ಮಣ್ಣಿನ ಸಮೇತ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಹಾಸನದ ಬಸ್ಸು ಹತ್ತಿದೆ. ಅಲ್ಲಿ ಮಣ್ಣು, ಬೇರು ನೋಡಿ ರೋಗ ಹೇಳುವ ಒಬ್ಬ ಮೇಡಂ ಇದ್ದಾರೆ ಎಂದು ಹಾಲಿನ ಡೈರಿಯಲ್ಲಿ ಯಾರೋ ಹೇಳಿದ್ದರು. ನನ್ನ ಮಗಳ ವಯಸ್ಸಿನ ಹುಡುಗಿ. ಚೀಲ ಬಿಚ್ಚುವಾಗ ನಾನೇ ಮುಂದಾಗಿ, “ಗಂಟು ಚೆನ್ನಾಗೇ ಕಟ್ಟಿದೆ ಮೇಡಂ, ಆದರೂ ಗಿಡ ಏಳ್ತಿಲ್ಲ” ಅಂದೆ.

ಆಕೆ ನಗಲಿಲ್ಲ. ಬೇರನ್ನು ಬಕೆಟ್ ನೀರಿನಲ್ಲಿ ಮೆಲ್ಲಗೆ ಅಲುಗಿಸಿ ತೊಳೆದು ನನ್ನ ಕೈಗೇ ಕೊಟ್ಟರು. “ಅಮ್ಮಾ, ಈ ಗಂಟನ್ನ ಉಗುರಲ್ಲಿ ಉದುರಿಸಿ ನೋಡೋಣ.”

ಉದುರಿಸಲು ಹೋದೆ. ಉದುರಲಿಲ್ಲ. ಬೇರೇ ಕಿತ್ತು ಬಂತು.

“ಅಲಸಂದೆ ಗಂಟಾದ್ರೆ?” ಅಂತ ಕೇಳಿದರು.

“ಉಗುರು ತಗುಲಿದ್ರೆ ಉದುರೋಗುತ್ತೆ. ಒಳಗೆ ಕೆಂಪಗಿರುತ್ತೆ.”

“ನೋಡಿ, ನಿಮಗೇ ಗೊತ್ತಿದೆ. ಅದು ಬೇರಿನ ಹೊರಗೆ ಅಂಟಿಕೊಂಡಿರೋ ಗಂಟು, ಗಿಡಕ್ಕೆ ಊಟ ಕೊಡೋದು. ಇದು ಬೇರೇ ಊದಿಕೊಂಡಿರೋದು, ಗಿಡದ ಊಟ ತಿನ್ನೋದು.” ಗಂಟನ್ನು ಸೀಳಿ ಯಂತ್ರದ ಕನ್ನಡಿಯ ಕೆಳಗೆ ಇಟ್ಟು ತೋರಿಸಿದರು. ಸಣ್ಣ ಮುತ್ತಿನಂಥದ್ದು ಒಳಗೆ ಕೂತಿತ್ತು. ಬೇರುಗಂಟು ಜಂತುಹುಳು ಅಂತ ಅದರ ಹೆಸರಂತೆ. ನೋಡಲು ಚೆನ್ನಾಗಿಯೇ ಇತ್ತು, ಅದೇ ಹೊಟ್ಟೆ ಉರಿಸಿದ್ದು.

ಆ ತಾಕಿನಲ್ಲಿ ಮೊದಲು ಏನಿತ್ತು ಎಂದು ಕೇಳಿದರು. ಹೇಳಿದೆ. ಟೊಮ್ಯಾಟೊ, ಬದನೆ ಬೆಳೆದ ಮಣ್ಣಿನಲ್ಲಿ ಈ ಹುಳು ಸೇರಿಕೊಳ್ಳುವುದು ಹೆಚ್ಚಂತೆ, ಅರಕಲಗೂಡು ಕಡೆ ಹೊಗೆಸೊಪ್ಪಿನ ಹೊಲಗಳಲ್ಲೂ ಇದರದೇ ಕಾಟವಂತೆ. ಹಾಗಾದರೆ ಅಕ್ಕನ ಗೆಡ್ಡೆ ತಪ್ಪಲ್ಲ. ಅಷ್ಟು ಹೊತ್ತಿನಲ್ಲೂ ಅದೊಂದು ಸಮಾಧಾನ. ರೋಗಕ್ಕೆ ಮದ್ದಿದೆ, ಮುನಿಸಿಕೊಂಡ ಅಕ್ಕನಿಗೆ ಎಲ್ಲಿದೆ?

“ಇಡೀ ತಾಕಿನಲ್ಲಿ ಎಲ್ಲಾದರೂ ಗಿಡ ಚೆನ್ನಾಗಿದೆಯಾ?” ಎಂದು ಮೇಡಂ ಕೇಳಿದಾಗ ನೆನಪಾಯಿತು. ಮೂಡಲ ಮೂಲೆಯಲ್ಲಿ ಒಂದು ಗುಂಪು ಹಸಿರಾಗಿಯೇ ಇತ್ತು. ಅದು ಹಿಂದಿನ ವರ್ಷ ಆಯುಧಪೂಜೆಗೆಂದು ಚೆಂಡುಹೂ ಹಾಕಿದ್ದ ಜಾಗ. ಹಬ್ಬ ಮುಗಿದ ಮೇಲೆ ಗಿಡವನ್ನು ಅಲ್ಲೇ ಮಣ್ಣಿಗೆ ಸೇರಿಸಿ, ಉಳಿದ ಗೆಡ್ಡೆಗಳನ್ನು ಹುಗಿದಿದ್ದೆ.

ಮೇಡಂ ಕುರ್ಚಿಯಿಂದ ಎದ್ದೇ ಬಿಟ್ಟರು. “ಅದೇ ಅಮ್ಮ ಔಷಧಿ! ಚೆಂಡುಹೂವಿನ ಬೇರಿನ ರಸ ಈ ಹುಳುವಿಗೆ ಆಗಿಬರಲ್ಲ. ಒತ್ತಾಗಿ ಹಾಕಿ, ಮೂರು ತಿಂಗಳಿಗೆ ಕಡಿಮೆಯಿಲ್ಲದೆ ಬಿಡಿ, ಆಮೇಲೆ ಅಲ್ಲೇ ಉತ್ತು ಮಣ್ಣಿಗೆ ಸೇರಿಸಿ. ಸುಗಂಧರಾಜ ಮಾತ್ರ ಪೂರ್ತಿ ಕೀಳಲೇಬೇಕು.” ಆಮೇಲೆ ನಗುತ್ತ ಇನ್ನೊಂದು ಮಾತು ಹೇಳಿದರು. ಎರಡೂ ನಮ್ಮ ದೇಶದ ಗಿಡಗಳಲ್ಲವಂತೆ. ಎರಡಕ್ಕೂ ತವರು ಉತ್ತರ ಅಮೆರಿಕದ ಮೆಕ್ಸಿಕೋ ಅನ್ನುವ ಸೀಮೆಯಂತೆ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅದನ್ನೇ ಯೋಚಿಸಿದೆ. ಒಂದೇ ತವರಿನ ಇಬ್ಬರು ಹೆಣ್ಣುಮಕ್ಕಳು ಒಂದೇ ಮನೆಗೆ ಓರಗಿತ್ತಿಯರಾಗಿ ಬಂದ ಹಾಗೆ. ಒಬ್ಬಳು ಬೆಳ್ಳಗೆ, ತೆಳ್ಳಗೆ, ಮಾತು ಕಡಿಮೆ, ಸಂಜೆಯಾದ ಮೇಲೆ ಗಮ್ಮೆನ್ನುವವಳು. ಗೆಡ್ಡೆಯಲ್ಲಿ ಬೇರೂರಿ ವರ್ಷಗಟ್ಟಲೆ ನಿಲ್ಲುವವಳು. ಇನ್ನೊಬ್ಬಳು ಬೀಜದಿಂದ ಎದ್ದು ಎರಡು ತಿಂಗಳಿಗೇ ಮನೆ ತುಂಬ ಗಲಗಲ ಅನ್ನುವವಳು. ಗಂಧವಿಲ್ಲ, ಎಲೆ ಮುಟ್ಟಿದರೆ ಕಟುವಾಸನೆ, ಒಂದು ಬೆಳೆಗೆ ಆಯಸ್ಸು ಮುಗೀತು. ಆದರೆ ಆ ಬೆಳ್ಳನೆಯವಳಿಗೆ ಕಾಯಿಲೆಯಾದಾಗ ಮಣ್ಣಿಗಿಳಿದು ಸೇವೆ ಮಾಡುವವಳು ಇವಳೇ.

ಮನೆಯಲ್ಲಿ ಹೇಳಿದೆ. ಕಷ್ಟವಿದ್ದದ್ದು ಅಲ್ಲೇ.

“ಕಿತ್ರೆ ಅಮ್ಮನ ಮಾಲೆಗೆ ಏನ್ಮಾಡ್ತೀಯ?” ಅಂದರು ಅತ್ತೆ.

“ಚೆಂಡುಹೂವೇ ಕಟ್ಟೋದು.”

“ಚೆಂಡೂವ? ಅಮ್ಮನ ಮುಡಿಗೆ? ಅದು ಬಾಗ್ಲಿಗೆ, ಎತ್ತಿನ ಕೊಂಬಿಗೆ, ಟ್ಯಾಕ್ಟ್ರಿಗೆ. ನಮ್ಮತ್ತೆ ಕಾಲ್ದಿಂದ್ಲೂ ಗರ್ಭಗುಡಿ ವಸ್ತ್ಲು ದಾಟಿಲ್ಲ ಕಣವ್ವ ಆ ಹೂವು.”

“ಸುಗಂಧರಾಜನೂ ಅದೇ ಊರಿಂದ ಬಂದಿರೋದಂತೆ ಅತ್ತೆಮ್ಮ. ಮೆಕ್ಸಿಕೋ.”

“ಅದ್ನ ಯಾರಂದ್ರು?”

“ಹಾಸನದ ಮೇಡಂ.”

“ಅವ್ರೇನು ಒಂದೇ ಬಸ್ಸಲ್ಲಿ ಬಂದ್ರಾ ಅದ್ರ ಜೊತೆ?” ಅಂದು ಒಳಗೆ ಹೋದರು. ಆಚಾರ ಬಿಡುವವರಲ್ಲ ನಮ್ಮತ್ತೆ. ಅವರ ಮೇಲೆ ಸಿಟ್ಟೂ ಬರಲಿಲ್ಲ. ನಾನೂ ಆ ಹೂವನ್ನು ವಸ್ತಿಲು ದಾಟಿಸಿದವಳಲ್ಲ.

ಒಂದು ರಾತ್ರಿ ನಿದ್ದೆಗೆಟ್ಟು ಬೆಳಗ್ಗೆ ಒಂದು ತೀರ್ಮಾನಕ್ಕೆ ಬಂದೆ. ತಾಕನ್ನು ಎರಡು ಪಾಲು ಮಾಡುವುದು. ಪಡುವಲ ಪಾಲು ಈಗಲೇ ಕೀಳುವುದು, ಅಲ್ಲಿ ಚೆಂಡುಹೂ. ಮೂಡಲ ಪಾಲು ಕುಂಟುತ್ತಲಾದರೂ ಅಮ್ಮನ ಕೊರಳಿಗೆ ದಾರ ತುಂಬಿಸುತ್ತಿರಲಿ. ಚೆಂಡುಹೂ ಅರಳಿದ ಮೇಲೆ ಉಳಿದದ್ದನ್ನು ನೋಡುವುದು. ಎರಡು ಪಾಲಿಗೂ ಬೇರೆ ಬೇರೆ ಗುದ್ದಲಿ, ಬೇರೆ ಕುಡುಗೋಲು. ಒಂದರ ಮಣ್ಣು ಇನ್ನೊಂದಕ್ಕೆ ತಾಗದ ಹಾಗೆ ಕಾಲು ತೊಳೆದೇ ದಾಟುವುದು.

ಕೀಳುವ ದಿನ ಬಂತು. ಹೂ ಬಿಡುತ್ತಿರುವ ಗಿಡ ಕೀಳುವುದು ಹೆಂಗಸರ ಕೈಗೆ ಬರುವ ಕೆಲಸವಲ್ಲ. ಬೇರನ್ನೆಲ್ಲ ಬೆಂಕಿಗೆ ಹಾಕಿ, ಗಟ್ಟಿಯಾದ ಗೆಡ್ಡೆಗಳನ್ನು ಮಾತ್ರ ಆರಿಸಿ, ಅಡಿಯಲ್ಲಿ ಬೇರು ಹೊರಡುವ ತಟ್ಟೆ ಹೆರೆದು ನೆರಳಲ್ಲಿ ಒಣಗಲು ಹಾಕಿದೆ.

ಗೆಡ್ಡೆಯೊಳಗೆ ಉಳಿದ ಹುಳು ಸಾಯಲು ಬಿಸಿನೀರಿನಲ್ಲಿ ಇಡಬೇಕು ಅಂದಿದ್ದರು ಮೇಡಂ. ಎಷ್ಟು ಬಿಸಿ ಅನ್ನುವುದನ್ನೂ ಹೇಳಿ, ನೀರಿಗೆ ಅದ್ದುವ ಒಂದು ಥರ್ಮಾಮೀಟರ್ ತೆಗೆದುಕೊಳ್ಳಿ ಅಂದಿದ್ದರು. ನಾನು ದಿನಾ ಅನ್ನಕ್ಕೆ ಎಸರಿಡುವವಳು, ನೀರಿನ ಬಿಸಿ ನನಗೆ ಕಲಿಸಬೇಕೇ ಅಂದುಕೊಂಡು ಕೈ ಅಂದಾಜಿನಲ್ಲೇ ಮೊದಲ ಕಂತು ಇಟ್ಟೆ. ತೆಗೆದಾಗ ಗೆಡ್ಡೆ ಬೆರಳಿಗೆ ಮೆತ್ತಗೆ ಸಿಕ್ಕಿತು.

ಅತ್ತೆ ಪಾತ್ರೆಯೊಳಗೆ ಇಣುಕಿದರು. “ಬೆಂದೈತೆ. ಒಗ್ಗರಣೆ ಹಾಕ್ಲಾ?”

ನಗು ತಡೆಯಲಾಗದೆ ಇಬ್ಬರೂ ಬಚ್ಚಲಲ್ಲೇ ಕೂತುಬಿಟ್ಟೆವು. ಮಾರನೆಯ ದಿನವೇ ಥರ್ಮಾಮೀಟರ್ ಬಂತು. ದೊಡ್ಡ ಹಂಡೆ, ಪಕ್ಕದಲ್ಲಿ ಒಂದು ಬಿಂದಿಗೆ ತಣ್ಣೀರು. ಏರಿದರೆ ಒಂದು ಚೊಂಬು ತಣ್ಣೀರು, ಇಳಿದರೆ ಒಂದು ಸೌದೆ. ಗೆಡ್ಡೆಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಇಳಿಬಿಟ್ಟು ಕಣ್ಣು ಕೀಳದೆ ಕೂತೆ. ಅವತ್ತು ಪಾರಾದ ಗೆಡ್ಡೆಗಳನ್ನು ತಾರಸಿಯ ಮೇಲೆ ಗೊಬ್ಬರದ ಖಾಲಿ ಚೀಲಗಳಲ್ಲಿ, ಪ್ಲಾಸ್ಟಿಕ್ ಹಾಳೆ ಹೊದಿಸಿ ಬಿಸಿಲಿಗೆ ಬೇಯಿಸಿದ ಕೆರೆಯ ಗೋಡುಮಣ್ಣು ತುಂಬಿ ನೆಟ್ಟೆ. ಮುಂದಿನ ಬೀಜದ ಗೆಡ್ಡೆ ಅಲ್ಲಿಂದಲೇ ಬರಬೇಕಿತ್ತು.

ಚೆಂಡುಹೂವಿನದು ಬೇರೆಯೇ ಪಾಠ. ಮಡಿಯಲ್ಲಿ ಬೀಜ ಚೆಲ್ಲಿ, ಸಸಿ ನಾಲ್ಕೈದು ಎಲೆಯಾದಾಗ ಕಿತ್ತು ಒತ್ತೊತ್ತಾಗಿ ನೆಟ್ಟೆ. ಬೇರು ಹಿಡಿದ ಮೇಲೆ ಕುಡಿ ಚಿವುಟಬೇಕು. ಚಿವುಟಿದರೆ ಪಕ್ಕದ ಕವಲು ಒಡೆದು ಹೂ ಹೆಚ್ಚು. ಸುಗಂಧರಾಜಕ್ಕೆ ಮಾಡಿದ ಹಾಗೆ ಗೊಬ್ಬರ ಸುರಿದರೆ ಸೊಪ್ಪೇ ಬೆಳೆದು ಹೂ ತಡವಾಗುತ್ತದೆ. ಸಾಲು ಸಾಲಾಗಿ ಕುಡಿ ಚಿವುಟುವಾಗ ದಾರಿಯಲ್ಲಿ ಹೋಗುವವರು, “ಏನಮ್ಮ, ಮೇವು ಮಾಡ್ತಿದ್ದೀಯಾ?” ಅಂತ ಕೇಳಿ ಹೋದರು. ನನಗೂ ಒಳಗೆ ಅಳುಕೇ. ಆದರೆ ಭಾದ್ರಪದದ ಹೊತ್ತಿಗೆ ಪಡುವಲ ಪಾಲು ಹಳದಿ ಕೆಂಪು ಮೊಗ್ಗಿನಿಂದ ಬಿರಿಯುತ್ತಿತ್ತು. ಮೂಡಲ ಪಾಲಿನ ಸುಗಂಧರಾಜ ಬೆರಳೆಣಿಕೆಗೆ ಇಳಿದಿತ್ತು.

ಇನ್ನು ಮುಂದೂಡುವ ಹಾಗಿರಲಿಲ್ಲ. ಮೂಡಲ ಪಾಲನ್ನೂ ಕಿತ್ತರೆ ಅಮ್ಮನಿಗೆ ಚೆಂಡುಹೂವೇ ಗತಿ. ಕೀಳದಿದ್ದರೆ ಹುಳು ಮತ್ತೆ ತಾಕು ತುಂಬಿ, ಯುಗಾದಿಯವರೆಗೆ ಯಾವ ಹೂವೂ ಸಿಗುವುದಿಲ್ಲ. ಪೂಜಾರಪ್ಪನ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಹೇಳಿದೆ.

“ನಾನು ಹೂಂ ಅನ್ನಕ್ಕಾಗಲ್ಲ, ಊಹೂಂ ಅನ್ನಕ್ಕೂ ಆಗಲ್ಲ ತಾಯಿ. ಮುಡ್ಕಳೋಳು ಅವ್ಳು. ಅವಳನ್ನೇ ಕೇಳೋಣ. ಶುಕ್ರವಾರ ಬಾ, ಹೂ ಕೇಳೋಣ.”

ನಮ್ಮ ಸೀಮೆಯಲ್ಲಿ ದೇವರನ್ನು ಕೇಳುವ ಕ್ರಮ ಇದು. ಅಮ್ಮನ ಎರಡು ಭುಜಕ್ಕೂ ಒದ್ದೆ ಗಂಧದಲ್ಲಿ ಹೂ ಅಂಟಿಸಿ, ಮನಸ್ಸಿನ ಮಾತು ಹೇಳಿ ಕಾಯಬೇಕು. ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಇಲ್ಲ. ಎಡಕ್ಕೆ ಬಿದ್ದಿದ್ದರೆ ನನ್ನ ಹರಕೆ ಅಲ್ಲಿಗೇ ನಿಲ್ಲುತ್ತಿತ್ತು. ಕೊಂಡ ಹೂ ಹಾಕಿ, ತಪ್ಪು ಕಾಣಿಕೆ ಕಟ್ಟಿ, ಮಾತಿಗೆ ತಪ್ಪಿದವಳಾಗಿ ಮನೆಗೆ ಬರಬೇಕಿತ್ತು.

ಶುಕ್ರವಾರ ಬೆಳಗ್ಗೆ ಅತ್ತೆಯೂ ನನ್ನ ಜೊತೆ ಹೊರಟರು. ನಾನು ಕರೆದಿರಲಿಲ್ಲ. ಯಾವ ಹೂವಿನಲ್ಲಿ ಕೇಳುವುದು ಎಂದು ಪೂಜಾರಪ್ಪ ಯೋಚಿಸುತ್ತಿರುವಾಗ ಅವರೇ, “ಚೆಂಡೂವಲ್ಲೇ ಕೇಳಿ. ಬ್ಯಾಡಾಂದ್ರೆ ಅವಳೇ ಒಗೀತಾಳೆ” ಅಂದರು. ವಸ್ತಿಲು ದಾಟದ ಹೂವನ್ನು ವಸ್ತಿಲು ದಾಟಿಸಿದ್ದು ಹಾಗೆ ನಮ್ಮತ್ತೆಯೇ.

ಪೂಜಾರಪ್ಪ ಎರಡು ಪುಟ್ಟ ಚೆಂಡುಹೂ ಅಂಟಿಸಿ ಪಕ್ಕಕ್ಕೆ ಸರಿದರು. ನಾನು ಕೈ ಮುಗಿದು ಕೇಳಿದೆ. ‘ತಾಯಿ, ಮಣ್ಣು ವಾಸಿಯಾಗಬೇಕು. ಅಲ್ಲಿಯವರೆಗೆ ಇದನ್ನ ಮುಡಿದುಕೊಳ್ತೀಯಾ?’

ಹೂ ಅಲ್ಲಾಡಲಿಲ್ಲ. ಒಂದು ಮಂಗಳಾರತಿ ಆಯಿತು. ಡೈರಿಗೆ ಹಾಲು ಹಾಕಿ ಬಂದವರು ನಿಂತು ನೋಡಿ ಹೋದರು. ಗಂಧ ಒಣಗುತ್ತಾ ಬಂತು. ಒಣಗಿದರೆ ಹೂ ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ. ಉತ್ತರವೇ ಬರದಿದ್ದರೆ ಏನು ಅಂತ ನಾನು ಯೋಚಿಸಿಯೇ ಇರಲಿಲ್ಲ.

ಆಗ ಅತ್ತೆ ಮುಂದೆ ಬಂದರು. ದೇವರ ಮುಂದೆ ಅವರು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅವತ್ತೇ ಕೇಳಿದ್ದು. “ಏನವ್ವ, ಕೊಡಂಗಿದ್ರೆ ಕೊಡು, ಇಲ್ಲಾಂದ್ರೆ ಇಲ್ಲಾನ್ನು. ಈ ಉಡ್ಗಿ ನಿನ್ ಮಾಲೆಗೋಸ್ಕರ ಮಣ್ಣಲ್ಲಿ ಬಿದ್ದು ಒದ್ದಾಡ್ತಾ ಅವ್ಳೆ. ನಾನೇನೋ ಬ್ಯಾಡಾಂದೆ. ನಾನು ಮುದ್ಕಿ, ನನ್ ಮಾತು ಇಟ್ಕಬ್ಯಾಡ.”

ಅವರ ಮಾತು ಮುಗಿದು ಸ್ವಲ್ಪ ಹೊತ್ತಿಗೆ, ಸದ್ದೇ ಇಲ್ಲದೆ, ಬಲಭುಜದ ಹೂ ಜಾರಿ ಅಮ್ಮನ ಪಾದಕ್ಕೆ ಬಿತ್ತು.

ಪೂಜಾರಪ್ಪ ಅದನ್ನು ಎತ್ತಿ ನನ್ನ ಸೆರಗಿಗೆ ಹಾಕಿದರು. ಅತ್ತೆ ಕಣ್ಣೊರೆಸಿಕೊಳ್ಳುತ್ತಾ, “ತೂಕದ ಹೂವು, ಬೀಳದೆ ಇರ್ತದಾ” ಅಂದರು. ಆದರೆ ಅವತ್ತು ಸಂಜೆ ಹಾಲು ಕರೆಯಲು ಕೊಟ್ಟಿಗೆಗೆ ಹೋಗುವ ಮುಂಚೆ ಮೂಡಲ ಪಾಲಿನಲ್ಲಿ ಮೊದಲ ಗುದ್ದಲಿ ಹಾಕಿದವರು ಅವರೇ.

ಆಮೇಲಿನ ತಿಂಗಳುಗಳು ಕೆಲಸದ ತಿಂಗಳುಗಳು, ಆದರೆ ಭಯದ ತಿಂಗಳುಗಳಲ್ಲ. ಮೂಡಲ ಪಾಲಿಗೂ ಚೆಂಡಿನ ಸಸಿ ನೆಟ್ಟು, ಹಳೆಯದು ಮುಗಿಯುವ ಮುಂಚೆ ಹೊಸ ಸಾಲು ಹಾಕುತ್ತಾ ಹೋದೆ. ಸುಗಂಧರಾಜವನ್ನು ಹೂವಿನ ಕೊಳವೆ ಹಿಡಿದು ಸೂಜಿಯಲ್ಲಿ ಪೋಣಿಸಬೇಕು. ಚೆಂಡನ್ನು ತೊಟ್ಟಿನ ನಡುವೆ ಚುಚ್ಚಿ ಬಿಗಿಯಾಗಿ ಕೂರಿಸಬೇಕು, ಇಲ್ಲದಿದ್ದರೆ ತೂಕಕ್ಕೆ ದಾರ ಕಾಣುತ್ತದೆ. ಸುಗಂಧರಾಜದ ಮಾಲೆ ಮಾರನೆಯ ದಿನಕ್ಕೆ ಕಂದುತ್ತಿತ್ತು, ಚೆಂಡಿನದು ಎರಡು ಮೂರು ದಿನ ನಗುತ್ತಿತ್ತು. ನವರಾತ್ರಿಯಲ್ಲಿ ಅಮ್ಮ ಬಂಗಾರದ ಕವಚ ತೊಟ್ಟಂತೆ ಕಂಡಳು. ಗಂಧದ ಕೊರತೆಗೆ ಮಾಲೆಯ ತುದಿಗೆ ಒಂದು ಎಸಳು ಮರುಗ ಸೇರಿಸುತ್ತಿದ್ದೆ. ಉದುರಿದ ಹೂವನ್ನೂ ಬಿಸಾಡಲಿಲ್ಲ, ಒಣಗಿಸಿ ಕೋಳಿ ಮೇವಿಗೆ ಬೆರೆಸಿದೆ. ಮೊಟ್ಟೆಯ ಹಳದಿಗೆ ಬಣ್ಣ ಏರಿತು ಅಂತ ನಮ್ಮೆಜಮಾನರು ತಾವೇ ಕಂಡುಹಿಡಿದ ಹಾಗೆ ಊರಿಗೆಲ್ಲ ಹೇಳಿದರು.

ಕಾರ್ತಿಕದಲ್ಲಿ ಪಡುವಲ ಪಾಲಿನ ಚೆಂಡುಗಿಡಗಳನ್ನು ಕೊಚ್ಚಿ ಅಲ್ಲೇ ಉತ್ತೆವು. ಅದು ಕೊಳೆತ ಮೇಲೆ ತಾರಸಿಯ ಗೆಡ್ಡೆ ಇಳಿಸಿ ನೆಟ್ಟೆ. ಚಳಿಗೆ ಮೊಳಕೆ ನಿಧಾನ. ಎಲೆ ಹಸಿರಾಗಿದ್ದರೂ ನಾನು ನಂಬಲಿಲ್ಲ, ಎಲೆಗೆ ಮೋಸಹೋದವಳು ನಾನು. ಫಾಲ್ಗುಣದಲ್ಲಿ ಒಂದು ಬುಡ ಕಿತ್ತು, ಬಕೆಟ್‌ನಲ್ಲಿ ಅಲುಗಿಸಿ ತೊಳೆದು, ಫೋಟೊ ತೆಗೆದು ಮೇಡಂಗೆ ಕಳಿಸಿದೆ. ಬಿಳೀ ನೂಲಿನಂಥ ಬೇರು. “ಬಹುತೇಕ ಗೆದ್ದಿದ್ದೀರಿ ಅಮ್ಮ. ಎರಡು ವರ್ಷಕ್ಕೊಮ್ಮೆ ಚೆಂಡುಹೂ ಮರೀಬೇಡಿ” ಅಂತ ಉತ್ತರ ಬಂತು. ಅದೇ ಫೋಟೊ ಅಕ್ಕನಿಗೂ ಕಳಿಸಿದೆ. “ಗೆಡ್ಡೆ ಯಾರ್ದು?” ಅಂತ ಒಂದೇ ಮಾತು ಬರೆದಿದ್ದಳು. “ನಿನ್ದೇ ಕಣಕ್ಕ” ಅಂದೆ. ಅಲ್ಲಿಗೆ ಅದೂ ವಾಸಿಯಾಯಿತು.

ಯುಗಾದಿಗೆ ದಂಟು ಬಂತು, ಮೊಳದುದ್ದವೇ. ಮೂಡಲ ಪಾಲಿನ ಚೆಂಡೂ ಇನ್ನೂ ಉಳಿದಿತ್ತು. ಎರಡನ್ನೂ ಸೇರಿಸಿ ಅಮ್ಮನ ಪಾದ ಮುಟ್ಟುವ ಮಾಲೆ ಕಟ್ಟಿದೆ. ಒಂದು ವರ್ಷ, ಒಂದು ದಿನವೂ ಕೊಂಡ ಹೂ ಸೇರಲಿಲ್ಲ, ಒಂದು ದಿನವೂ ಅಮ್ಮನ ಕೊರಳು ಬರಿದಾಗಲಿಲ್ಲ. ಇದನ್ನು ಜಂಬದಿಂದಲೇ ಬರೆಯುತ್ತಿದ್ದೇನೆ. ಅಮ್ಮ ಅಷ್ಟು ಜಂಬಕ್ಕೆ ಮುನಿಯುವವಳಲ್ಲ.

ಮಂಗಳಾರತಿ ಕೊಡುತ್ತಾ ಪೂಜಾರಪ್ಪ, “ಹರಕೆ ತೀರ್ತು ತಾಯಿ. ನಾಳೆಯಿಂದ ಅಮ್ಮನಿಗೆ ಯಾರ ಹೂವೋ ಏನೋ” ಅಂದರು.

ನಾನು ಬಾಯಿ ತೆರೆಯುವ ಮುಂಚೆ ಅತ್ತೆ, “ನಾಳೆಯಿಂದ ನಂದು” ಅಂದರು.

“ನಿಮ್ದೇನು ಹರಕೆ ಅತ್ತೆಮ್ಮ?”

“ಅದ್ನ ನಿಂಗ್ಯಾಕೆ ಏಳ್ಲಿ? ನಾನೂ ಅಮ್ಮನೂ ಮಾತಾಡ್ಕಂಡಿದೀವಿ. ನೀನು ಒತ್ತಾರೆ ಎದ್ದು ಹೂ ಬಿಡಿಸ್ಕೊಡು, ಸಾಕು.”